ಅಂಚು ಕತ್ತರಿಸಿದ ಚಿತ್ರಗಳು

ಡೊಂಬಿವಲಿಯಲ್ಲಿ ನಮ್ಮ ಊರಿನವರ ಸಭಾಗೃಹವಿದೆ. ಅಲ್ಲಿ ಊಟಕ್ಕೆ ಕುಳಿತು ತಲೆ ಎತ್ತಿದರೆ ಫ್ಯಾನಿನ ರೆಕ್ಕೆಯ ಮೇಲೆ ಯಾರದೋ ಅಜ್ಜನ ಹೆಸರು ಕಾಣುತ್ತದೆ. ಫ್ಯಾನು ತಿರುಗತೊಡಗಿದರೆ ಅಜ್ಜ ಮಾಯ. ನೀರಿನ ಟಾಕಿಯ ಮೇಲೆ ಹೆಸರು, ಸ್ಟೀಲ್ ಬೋಗುಣಿಗಳ ಮೇಲೆ ಹೆಸರು, ಬೆಂಚಿನ ಬೆನ್ನಿಗೆ ಹೆಸರು, ಕೈ ತೊಳೆಯುವಲ್ಲಿರುವ ಕನ್ನಡಿಯಲ್ಲಿ ನಮ್ಮ ಮುಖಕ್ಕೆ ಅಡ್ಡವಾಗಿ ಇನ್ನೊಬ್ಬರ ಹೆಸರು. ಎಲ್ಲವೂ ತೀರಿಹೋದವರ ಸ್ಮರಣಾರ್ಥ. ತೀರಿಹೋದವರ ಹೆಸರು ಸಣ್ಣ ಅಕ್ಷರದಲ್ಲಿ, ಕೊಟ್ಟವರದ್ದು ದೊಡ್ಡ ಅಕ್ಷರದಲ್ಲಿ.

ಅಲ್ಲಿಯ ಒಂದು ಮದುವೆ ಊಟದಲ್ಲಿ ನನ್ನ ತಂಗಿ ಎಲೆಯ ಮುಂದೆ ಕುಳಿತು ಮೇಲೆ ನೋಡಿ ನಗತೊಡಗಿದಳು.

"ಅಣ್ಣ, ದೇಖ್. ನಮ್ಮವರೇ ಅಸಲಿ ಗ್ರಾಫಿಟಿಯವರು. ಗೋಡೆ ಮೇಲೆ ಹೆಸರು ಬರೆದ್ರೆ ಆ ಹುಡುಗರನ್ನ ಪೊಲೀಸ್ ಓಡಿಸ್ತಾರೆ. ನಮ್ಮವರಿಗೆ ಶಾಲು ಹಾಕ್ತಾರೆ."

"ಮೆಲ್ಲಗೆ ಮಾತಾಡು ಮಾರಾಯ್ತಿ."

"ಕ್ಯೂಂ? ಅಜ್ಜನಿಗೆ ಕೇಳಿಸ್ತದಾ?"

ಬಡಿಸಲು ಬಂದವನು ಕೂಡ ಮೇಲೆ ನೋಡಿ ನಕ್ಕ. ಸಾರು ಎಲೆಯಿಂದ ಹೊರಗೆ ಹರಿಯಿತು.

ಈಗ ಅದೇ ಸಭಾಗೃಹದ ಗೋಡೆಯ ಮೇಲೆ ಅವಳ ಹೆಸರೂ ಇದೆ. ಬಂಗಾರದ ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ. ಅದನ್ನು ಬರೆಸಿದ್ದು ನನ್ನ ದೊಡ್ಡಣ್ಣ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರಬೇಕೆಂದು ನನಗೆ ಅನಿಸಿಯೂ ಇಲ್ಲ. ಸಾವಿನ ಮನೆಗೆ ಬಂದವರೆಲ್ಲ, ಕಾಲ ಕಳೆದ ಹಾಗೆ ಸರಿಯಾಗ್ತದೆ, ಎಂದು ಹೇಳಿ ಹೋದರು. ದುಃಖದ ಬಗ್ಗೆ ಅವರು ಹೇಳಿದ್ದು ಸರಿಯೋ ಏನೋ. ಸಿಟ್ಟಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನಾವು ಮೂವರು. ದೊಡ್ಡಣ್ಣ ಉಡುಪಿ ಕಡೆಯಿಂದ ಮೊದಲು ಇಲ್ಲಿಗೆ ಬಂದವನು. ಸಂಬಂಧಿಕರ ಹೋಟೆಲಿನಲ್ಲಿ ದುಡಿದು, ಆಮೇಲೆ ಸ್ಟೇಷನ್ ಪಕ್ಕ ಸ್ವಂತ ಹೋಟೆಲು ಮಾಡಿದ. ನಾನು ಭಿವಂಡಿಯ ಒಂದು ಗೋದಾಮಿನಲ್ಲಿ ಗುಮಾಸ್ತ. ಹತ್ತನೆಯವರೆಗೆ ಓದಿದ್ದು, ಅದೂ ಕನ್ನಡ ಮಾಧ್ಯಮದಲ್ಲಿ. ತಂಗಿ ಎಲ್ಲರಿಗಿಂತ ಕಿರಿಯವಳು, ಡೊಂಬಿವಲಿಯಲ್ಲೇ ಹುಟ್ಟಿದವಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ. ಕೋಪ ಬಂದಾಗ ಮಾತ್ರ ಶುದ್ಧ ಕನ್ನಡ. ಓದು ಮುಗಿಸಿ ಐರೋಲಿಯ ಒಂದು ಆಫೀಸಿಗೆ ಸೇರಿಕೊಂಡಳು. ದೊಡ್ಡಣ್ಣನಿಗೆ ಬೇರೆ ಸಂಸಾರ, ಬೇರೆ ಮನೆ. ಅಮ್ಮ, ತಂಗಿ, ನಾನು ಒಟ್ಟಿಗೆ ಇದ್ದೆವು.

ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತು ಇದು. ಅವಳು ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಐರೋಲಿಗೆ ಹೋಗುತ್ತಿದ್ದಳು. ಆ ದಾರಿಯ ಒಂದು ಕಾಂಪೌಂಡು ಗೋಡೆಯ ಮೇಲೆ ಯಾರೋ ದೊಡ್ಡ ಫ್ಲೆಮಿಂಗೊ ಬರೆದಿದ್ದರು. ಚಳಿಗಾಲದಲ್ಲಿ ಖಾಡಿಯ ಹಿನ್ನೀರಿನ ಕೆಸರಿಗೆ ಇಳಿಯುತ್ತವಲ್ಲ, ಆ ಗುಲಾಬಿ ಹಕ್ಕಿ. ಅದರ ಕತ್ತು ಮೇಲೆ ಹೋಗುತ್ತಾ ಹೋಗುತ್ತಾ ಕಟ್ಟಡ ಕಟ್ಟುವ ಕ್ರೇನ್ ಆಗಿತ್ತು. ಕೊಕ್ಕಿನಲ್ಲಿ ಒಂದು ಸಿಮೆಂಟು ಚೀಲ. ದಿನಾ ಕಿಟಕಿಯಿಂದ ನೋಡುತ್ತಿದ್ದಳು. ಮನೆಗೆ ಬಂದು ಹೇಳುತ್ತಿದ್ದಳು.

"ಆಜ್ ಪಕ್ಷಿಗೆ ಬಿಸಿಲು ಬಿದ್ದಿತ್ತು ಅಮ್ಮ. ಕಾಯ್ ದಿಸತ್ ಹೋತಾ! ಎಷ್ಟು ಚಂದ!"

"ಪಕ್ಷಿ ನೋಡ್ಲಿಕ್ಕೆ ಆಫೀಸಿಗೆ ಹೋಗುದಾ ನೀನು?" ಎಂದು ಅಮ್ಮ.

ಒಂದು ಬೆಳಿಗ್ಗೆ ಆ ಗೋಡೆಗೆ ಸುಣ್ಣ ಬಳಿಯುವುದು ಕಾಣಿಸಿತಂತೆ. ಯಾರೋ ಪುಢಾರಿಯ ಹುಟ್ಟುಹಬ್ಬದ ಶುಭಾಶಯ ಬರೆಸಲು. ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ರಿಕ್ಷಾ ಹಿಡಿದು ವಾಪಸು ಹೋದಳು. ಅಲ್ಲಿ ಟೋಪಿ ಹಾಕಿಕೊಂಡ ಒಬ್ಬ ಯುವಕ ವಡಾ ಪಾವ್ ತಿನ್ನುತ್ತಾ, ಹಕ್ಕಿಯ ಕಾಲು ಅಳಿಸಿಹೋಗುವುದನ್ನು ನೋಡುತ್ತಾ ನಿಂತಿದ್ದ. ಇವಳು ಸುಣ್ಣದವನ ಜೊತೆ ಜಗಳಕ್ಕೆ ಹೋದಾಗ ಅವನೇ ತಡೆದು, "ಜಾನೇ ದೋ ತಾಯಿ, ಮೀಚ್ ಕಾಢ್ಲಾ ಹೋತಾ," ಅಂದನಂತೆ. ಬಿಡಿ ಅಕ್ಕಾ, ಬರೆದವನು ನಾನೇ.

ಹೀಗೆ ಅವರ ಪರಿಚಯ. ಅವನು ಖಾರಘರದವನು, ಮರಾಠಿ ಹುಡುಗ. ಅವನೂ ಅವನಂಥ ಕೆಲವರೂ ಗೋಡೆಯ ಮೇಲೆ ಬರೆದ ಚಿತ್ರಗಳನ್ನು ಕಾಗದದ ಮೇಲೂ ಸ್ಕ್ರೀನ್ ಪ್ರಿಂಟ್ ಮಾಡಿ, ಆಸಕ್ತಿ ಇದ್ದವರಿಗೆ ಕೊಡುತ್ತಿದ್ದರು. ಗೋಡೆಯದ್ದು ನಿಲ್ಲುವುದಿಲ್ಲ, ಕಾಗದದ್ದು ನಿಲ್ಲುತ್ತದೆ ಎಂಬ ಲೆಕ್ಕ. ಠಾಣೆಯಲ್ಲಿ ಲಗ್ನಪತ್ರಿಕೆ, ಬಟ್ಟೆ ಅಂಗಡಿಯ ಚೀಲಗಳನ್ನು ಮುದ್ರಿಸುವ ಒಂದು ಗಾಳೆ, ಒಂದೇ ಕೋಣೆಯ ಕಾರ್ಖಾನೆ, ಇತ್ತು. ಭಾನುವಾರ ಅಲ್ಲಿ ಕೆಲಸವಿರದಾಗ ಇವರು ಹೋಗಿ ಮುದ್ರಿಸುತ್ತಿದ್ದರು. ತಂಗಿ ಅಲ್ಲಿಗೆ ಹೋಗತೊಡಗಿದಳು. ಎರಡು ಸಲ ನನ್ನನ್ನೂ ಕರೆದುಕೊಂಡು ಹೋದಳು.

ಕೆಲಸ ನೋಡಲು ಚಂದ. ಮರದ ಚೌಕಟ್ಟಿಗೆ ತೆಳುವಾದ ಜಾಲರಿ ಬಟ್ಟೆ ಬಿಗಿದಿರುತ್ತದೆ. ಚಿತ್ರವಿರುವ ಕಡೆ ಮಾತ್ರ ಜಾಲರಿ ತೆರೆದಿರುತ್ತದೆ, ಉಳಿದ ಕಡೆ ಮುಚ್ಚಿರುತ್ತದೆ. ಅದನ್ನು ಕಾಗದದ ಮೇಲಿಟ್ಟು, ಶಾಯಿ ಸುರಿದು, ರಬ್ಬರಿನ ಪಟ್ಟಿಯಿಂದ ಒಂದೇ ಸಮ ಎಳೆಯುತ್ತಾರೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ನಾಲ್ಕು ಬಣ್ಣವಿದ್ದರೆ ನಾಲ್ಕು ಸಲ. ಒಂದು ಕೂದಲೆಳೆ ಸರಿದರೂ ಹಕ್ಕಿಯ ಕಣ್ಣು ಹಕ್ಕಿಯ ಹೊರಗೆ ಬೀಳುತ್ತದೆ. ಇಂತಿಷ್ಟೇ ಪ್ರತಿ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಎಲ್ಲವೂ ಒಣಗಿದ ಮೇಲೆ, ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ನಂಬರು ಬರೆಯುತ್ತಾರೆ: ನಲವತ್ತರಲ್ಲಿ ಇದು ಎಷ್ಟನೆಯದು. ಬಲಗಡೆ ಸಹಿ. ಆ ಹುಡುಗ ತನ್ನ ಹೆಸರು ಬರೆಯುತ್ತಿರಲಿಲ್ಲ, ಸಣ್ಣ ಕೊಡೆಯೊಂದನ್ನು ಬರೆಯುತ್ತಿದ್ದ. ಗೋಡೆಗಳ ಮೇಲೂ ಅವನ ಗುರುತು ಅದೇ. ಕೊನೆಗೆ ಜಾಲರಿಯನ್ನು ತೊಳೆದುಬಿಡುತ್ತಾರೆ. ನೀರಿನ ಪೈಪು ಹಿಡಿದರೆ ಚಿತ್ರವೆಲ್ಲ ಬಣ್ಣದ ನೀರಾಗಿ ಮೋರಿಗೆ ಹೋಗುತ್ತದೆ. ಮತ್ತೆ ಅದೇ ಚಿತ್ರ ಮುದ್ರಿಸುವ ಮಾತೇ ಇಲ್ಲ.

ಉಳಿದವರು ಒಂದನೆಯ ನಂಬರು ಬೇಕೆಂದು ಕಿತ್ತಾಡುತ್ತಿದ್ದರು. ನನ್ನ ತಂಗಿಗೆ ಯಾವಾಗಲೂ ಕೊನೆಯದೇ ಬೇಕು.

"ಪಾಗಲ್ ಹೈ," ಎಂದು ಹುಡುಗರು ರೇಗಿಸುತ್ತಿದ್ದರು. "ಕೊನೆಯದರಲ್ಲಿ ಶಾಯಿ ತೆಳು ಇರ್ತದೆ. ಒಂದನೆಯದು ತಗೋ."

"ತುಮಚಾ ಏಕ್ ನಂಬರ್ ತುಮ್ಹಾಲಾ. ನನಗೆ ಲಾಸ್ಟ್ ಬೇಕು. ನಾನು ತಗೊಂಡ ಮೇಲೆ ಬೇರೆ ಯಾರಿಗೂ ಇಲ್ಲ."

ಎಂಟು ಚಿತ್ರಗಳಾದವು. ಎಂಟೂ ಕೊನೆಯ ನಂಬರಿನವು. ಎಂಟು ಸಲವೂ ಜಾಲರಿ ತೊಳೆಯುವವರೆಗೆ ಅವಳು ಅಲ್ಲೇ ನಿಂತಿದ್ದಳಂತೆ. ಫ್ಲೆಮಿಂಗೊ ಇತ್ತು. ಹೆಲ್ಮೆಟ್ ಹಾಕಿಕೊಂಡ ಕಾಗೆಗಳು ಓವರ್‌ಹೆಡ್ ತಂತಿಯ ಮೇಲೆ ಸಾಲಾಗಿ ಕುಳಿತದ್ದು ಇತ್ತು. ಲೋಕಲಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತ ಹೆಂಗಸಿನ ಜಡೆ ಕಲ್ಯಾಣದಿಂದ ಠಾಣೆಯವರೆಗೆ ಹಳಿಯ ಪಕ್ಕದಲ್ಲಿ ಹಾರುತ್ತಾ ಬರುವುದು ಇತ್ತು. ಅಮ್ಮನಿಗೆ ಇಷ್ಟವಾದದ್ದು ಇದೊಂದೇ. "ಎಣ್ಣೆ ಎಷ್ಟು ಬೇಕಾಯ್ತೋ," ಎನ್ನುತ್ತಿದ್ದಳು.

ಅವುಗಳನ್ನು ಇಡುವ ರೀತಿಯೇ ಬೇರೆ. ಸುರುಳಿ ಸುತ್ತಬಾರದು, ಬಿಸಿಲು ತಾಗಬಾರದು, ಚಿತ್ರದ ಮೇಲೆ ಬೆರಳಿಡಬಾರದು. ಎರಡೂ ಅಂಗೈಗಳಿಂದ ಬಿಳಿ ಅಂಚನ್ನು ಮಾತ್ರ ಹಿಡಿದು, ಬಿಸಿ ತಟ್ಟೆಯನ್ನು ಎತ್ತಿದ ಹಾಗೆ ಎತ್ತುತ್ತಿದ್ದಳು. ನಾನು ಭಿವಂಡಿಯಿಂದ ದಪ್ಪ ರಟ್ಟಿನ ಹಾಳೆಗಳನ್ನು ತಂದು ಕೊಟ್ಟೆ. ಎರಡು ರಟ್ಟುಗಳ ನಡುವೆ ಚಿತ್ರಗಳನ್ನಿಟ್ಟು, ಅವಳ ಮಂಚದ ಕೆಳಗೆ ಹಾಸಿದ ಹಾಗೆ ಇಟ್ಟೆವು. ಪೆನ್ಸಿಲಿನ ನಂಬರಿನ ಹತ್ತಿರ ಕೈ ಹೋದರೆ ಕೂಗು: "ಹಾತ್ ಮತ್ ಲಗಾ!"

"ಗೋಡೆಗೆ ಹಾಕು, ನೋಡುವ," ಎಂದರೆ, "ಸ್ವಂತ ಗೋಡೆ ಆಗಲಿ ಅಣ್ಣ, ಆಮೇಲೆ," ಎನ್ನುತ್ತಿದ್ದಳು. ಘಣಸೋಲಿಯಲ್ಲಿ ಒಂದು ಕೋಣೆಯ ಮನೆ ನೋಡಿಟ್ಟಿದ್ದಳು. ಯಾವ ಗೋಡೆಗೆ ಯಾವ ಚಿತ್ರ ಎಂಬುದೂ ನಿಶ್ಚಯವಾಗಿತ್ತು.

ಕೊನೆಯದಾಗಿ ತಂದದ್ದು ಬಸವನಹುಳುವಿನ ಚಿತ್ರ. ಅದರ ಬೆನ್ನ ಮೇಲೆ ಚಿಪ್ಪಿನ ಬದಲು ಭಿವಂಡಿಯ ಹೊರೆ ತುಂಬಿದ ಟ್ರಕ್ಕು. ಹಿಂದೆ 'ಹಾರ್ನ್ ಹೊಡೆಯಿರಿ' ಎಂಬ ಬರಹ ಕೂಡ. ನನ್ನ ಬಸ್ಸು ಭಿವಂಡಿಯ ರಸ್ತೆಯಲ್ಲಿ ದಿನಾ ತೆವಳುತ್ತದೆಂದು ನಾನು ಗೊಣಗುತ್ತಿದ್ದೆ. ಅದಕ್ಕೆ ಆ ಚಿತ್ರವನ್ನು ನನಗೇ ಕೊಟ್ಟುಬಿಟ್ಟಳು. "ಯೇ ತೂ ಹೈ. ನಿನ್ನ ಫೋಟೋ," ಎಂದಳು. ಗೋದಾಮಿನ ಆಫೀಸಿನ ಕಪಾಟಿನಲ್ಲಿ ನನ್ನದೊಂದು ಖಾನೆ ಇತ್ತು. ಅಲ್ಲಿ ರಟ್ಟಿನ ನಡುವೆ ಇಟ್ಟೆ. ಊಟದ ಹೊತ್ತಿಗೆ ಒಮ್ಮೊಮ್ಮೆ ತೆಗೆದು ನೋಡುತ್ತಿದ್ದೆ.

ಆ ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ಸೋಮವಾರ ಮೈಕೈ ನೋವು ಎಂದವಳು ಭಾನುವಾರ ಇರಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಹದಿಮೂರರ ಕೆಲಸ ಮುಗಿದ ಮೇಲೆ ಅಮ್ಮನನ್ನು ಊರಿಗೆ ಕರೆದುಕೊಂಡು ಹೋದೆ. ಚಿಕ್ಕಮ್ಮನ ಮನೆಯಲ್ಲಿ ಕೆಲವು ವಾರ ಇದ್ದರೆ ಅಮ್ಮ ಊಟ ಮಾಡಿಯಾಳು ಎಂಬ ಆಸೆ. ಮನೆಯ ಬೀಗದ ಕೈ ದೊಡ್ಡಣ್ಣನ ಹತ್ತಿರ ಇತ್ತು. ದೀಪ ಇಡಬೇಕಲ್ಲ.

ನಾವಿಬ್ಬರೂ ವಾಪಸು ಬಂದ ದಿನ ಅವಳ ಕೋಣೆಗೆ ಹೋದೆ. ಮಂಚದ ಕೆಳಗೆ ರಟ್ಟಿನ ಹಾಳೆಗಳಿದ್ದವು. ನಡುವೆ ಏನೂ ಇರಲಿಲ್ಲ. ನೆಲಕ್ಕೆ ಮಂಡಿಯೂರಿ ರಟ್ಟುಗಳನ್ನು ಮತ್ತೆ ಮತ್ತೆ ತೆರೆದು ನೋಡಿದೆ. ದೊಡ್ಡಣ್ಣನಿಗೆ ಫೋನು ಮಾಡಿದೆ.

"ಅದಾ? ಅದು ನಾನೇ ತಕ್ಕೊಂಡು ಹೋದದ್ದು," ಎಂದ. ದನಿಯಲ್ಲಿ ಹುಮ್ಮಸ್ಸು. "ನಾಳೆ ಸಭಾಗೃಹಕ್ಕೆ ಬಾ, ತೋರಿಸ್ತೇನೆ. ಪಾಪುವಿನ ಹೆಸರು ಎಷ್ಟು ಚಂದ ಬಂದಿದೆ ನೋಡು."

ಪಾಪು ಎಂದರೆ ತಂಗಿ. ಅವಳಿಗೆ ಎಷ್ಟು ವಯಸ್ಸಾದರೂ ಅವನಿಗೆ ಪಾಪು.

ಮರುದಿನ ಹೋದೆ. ಸಭಾಗೃಹಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದರು. ವೇದಿಕೆಯ ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಅವಳ ಏಳು ಚಿತ್ರಗಳು, ನಮ್ಮ ಹೋಟೆಲುಗಳ ಗಲ್ಲಾದ ಮೇಲೆ ದೇವರ ಪಟಕ್ಕೆ ಹಾಕುತ್ತಾರಲ್ಲ, ಆ ಹೊಳೆಯುವ ಹಳದಿ ಚೌಕಟ್ಟಿನೊಳಗೆ. ಒಂದೊಂದರ ಮೇಲೂ ಪ್ಲಾಸ್ಟಿಕ್ ಹಾರ. ಮೊದಲು ಏನು ತಪ್ಪಾಗಿದೆ ಎಂದು ತಿಳಿಯಲಿಲ್ಲ. ಆಮೇಲೆ ಹಕ್ಕಿಗೆ ಕಾಲುಗಳಿಲ್ಲದ್ದು ಕಾಣಿಸಿತು.

ಬಿಳಿ ಅಂಚು ಹೆಚ್ಚುಕಡಿಮೆ ಎಲ್ಲೂ ಇಲ್ಲ. ನಂಬರು ಇಲ್ಲ, ಕೊಡೆ ಇಲ್ಲ. ಲಕ್ಷ್ಮಿಯ ಪಟದ ಸೈಜಿಗೆ ಕೂರಿಸಲು ಸುತ್ತಲೂ ಕತ್ತರಿಸಿದ್ದರು. ಅಂಚು ಸಾಲದೆ ಹೋದಲ್ಲಿ ಚಿತ್ರವನ್ನೂ. ಹಕ್ಕಿ ಗಾಳಿಯಲ್ಲಿ ನಿಂತಿತ್ತು. ಜಡೆಯ ಹೆಂಗಸಿನ ಜಡೆ ಅರ್ಧದಾರಿಯ ದಿವಾ ಸ್ಟೇಷನ್ನಿನಲ್ಲೇ ಮುಗಿದಿತ್ತು. ಕಾಗದವನ್ನು ಪ್ಲೈವುಡ್ಡಿಗೆ ಗೋಂದು ಹಚ್ಚಿ ಅಂಟಿಸಿದ್ದರಿಂದ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಅದರ ಮೇಲೆ, ಚಿತ್ರದ ಮೇಲೆಯೇ, ಬಂಗಾರದ ಬಣ್ಣದಲ್ಲಿ ಅವಳ ಹೆಸರು, ಸ್ಮರಣಾರ್ಥ, ಕೆಳಗೆ ಅದಕ್ಕಿಂತ ದೊಡ್ಡದಾಗಿ ದೊಡ್ಡಣ್ಣನ ಹೆಸರು, ಅವನ ಹೋಟೆಲಿನ ಹೆಸರು, ಸ್ಟೇಷನ್ನಿನ ಯಾವ ದಿಕ್ಕು ಎಂಬುದು.

"ಫ್ಯಾನೆಲ್ಲ ಆಗಿ ಹೋಗಿತ್ತು ಮಾರಾಯ," ಎಂದ ದೊಡ್ಡಣ್ಣ. "ಎಲ್ಲದರ ಮೇಲೂ ಒಬ್ಬೊಬ್ಬರ ಹೆಸರು ಉಂಟು. ಎಂತ ಕೊಡುದು ಅಂತ ಕಮಿಟಿಯವರನ್ನು ಕೇಳಿದೆ. ಗೋಡೆ ಖಾಲಿ ಉಂಟಲ್ಲ, ಅಂದ್ರು. ಆಗ ನನಗೆ ಹೊಳೀತು, ಪಾಪು ಇಷ್ಟಪಟ್ಟು ಇಟ್ಟದ್ದು ಮಂಚದ ಕೆಳಗೆ ಕೊಳೀತಾ ಉಂಟಲ್ಲ ಅಂತ."

ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕಳ್ಳನ ಕೊರಳ ಪಟ್ಟಿ ಹಿಡಿಯಬಹುದು. ಅಳುವವನದ್ದು ಹಿಡಿಯುವುದು ಹೇಗೆ?

ಅತ್ತಿಗೆ ಪಕ್ಕದಲ್ಲಿದ್ದಳು. "ಕಾಗೆದ್ದು ಉಂಟಲ್ಲ, ಅದರಲ್ಲಿ ಅಂಚು ಸ್ವಲ್ಪ ಉಳಿದಿತ್ತು. ಯಾರೋ ಪೆನ್ಸಿಲಲ್ಲಿ ಗೀಚಿ ಗಲೀಜು ಮಾಡಿದ್ರು. ನಾನೇ ಮಕ್ಕಳ ರಬ್ಬರ್ ತಂದು ಉಜ್ಜಿ ಉಜ್ಜಿ ತೆಗೆದೆ. ಈಗ ಗೊತ್ತೇ ಆಗುದಿಲ್ಲ," ಎಂದಳು.

ಹೌದು. ಗೊತ್ತೇ ಆಗುತ್ತಿರಲಿಲ್ಲ.

"ಆ ಪೆನ್ಸಿಲೇ ಅವಳದ್ದು," ಎಂದೆ. ಅವರಿಬ್ಬರಿಗೂ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ: ನಂಬರು, ಸಹಿ, ತೊಳೆದುಹೋದ ಜಾಲರಿ, ಕೊನೆಯ ಪ್ರತಿ. ದೊಡ್ಡಣ್ಣ ಗಮನವಿಟ್ಟು ಕೇಳಿ, ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟ.

"ಚಿತ್ರ ಉಂಟಲ್ಲ ಮಾರಾಯ. ನಂಬರು ಯಾರು ನೋಡ್ತಾರೆ?"

ಚೌಕಟ್ಟು ಹಾಕಿದವನ ಅಂಗಡಿಗೆ ಹೋದೆ. ಕತ್ತರಿಸಿದ ಅಂಚಿನ ಪಟ್ಟಿಗಳಾದರೂ ಸಿಗಲಿ ಎಂದು. ಡೊಂಬಿವಲಿಯ ನಮ್ಮ ಹೋಟೆಲುಗಳ ದೇವರುಗಳೆಲ್ಲ ಅವನ ಕೈಯಿಂದಲೇ ಬಂದವರು. ಅವನು ತಲೆ ಕೆರೆದುಕೊಂಡ. "ವೋ ತೋ ಕಚರಾ ಥಾ ನಾ ಸಾಬ್. ಸೇಠ್ ನೆ ಬೋಲಾ ಸೈಜ್ ಮೆ ಬಿಠಾವ್, ತೋ ಬಿಠಾಯಾ." ಅದು ಕಸವಲ್ಲವಾ, ಸೇಠ್ ಸೈಜಿಗೆ ಕೂರಿಸು ಅಂದರು, ಕೂರಿಸಿದೆ. ಕಸದ ಗಾಡಿಗೆ ಹೋಗಿ ಎಷ್ಟೋ ದಿನವಾಗಿತ್ತು. ಅವನ ಮೇಲೆ ಕೂಗಾಡಿದೆ. ಪಕ್ಕದ ಅಂಗಡಿಯವರು ಬಂದರು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಖಾರಘರಕ್ಕೆ ಹೋಗಿ ಆ ಹುಡುಗನನ್ನು ಕಂಡೆ. ಅವನು ಅಂತ್ಯಕ್ರಿಯೆಗೆ ಬಂದು ಹಿಂದೆ ನಿಂತು ಹೋದವನು. ಬೆಟ್ಟದ ಬುಡದಲ್ಲಿ ಹೊಸ ಕಟ್ಟಡಗಳು. ಅವುಗಳ ಎದುರಿನ ಚಹಾದ ಗಾಡಿಯ ಹತ್ತಿರ ನಿಂತು, ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ತೋರಿಸಿದೆ. ಅವನು ಒಂದೊಂದಾಗಿ ನೋಡಿದ. ಕಾಲಿಲ್ಲದ ಹಕ್ಕಿಗೆ ಬಂದಾಗ ನಕ್ಕುಬಿಟ್ಟ.

"ದಾದಾ, ಮಾಫ್ ಕರೋ. ಹಾರ್ ಭಿ ಪೆಹನಾಯಾ ಹೈ!" ಎಂದ. ಹಾರ ಕೂಡ ಹಾಕಿದ್ದಾರೆ! ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಗೋಡೆಯ ಮೇಲೆ ನನ್ನದು ಒಂದು ವಾರ ಉಳಿದರೆ ಹೆಚ್ಚು. ಇದು ಇಷ್ಟು ವರ್ಷ ಉಳೀತು. ನಮಗೆ ಅಭ್ಯಾಸ ಆಗಿದೆ."

ನನಗೆ ಅಭ್ಯಾಸವಾಗಿರಲಿಲ್ಲ. ಅವನ ಮೇಲೂ ಸಿಟ್ಟು ಬಂತು. ತಾನು ಬರೆದದ್ದು ಅಳಿಸುವುದನ್ನು ವಡಾ ಪಾವ್ ತಿನ್ನುತ್ತಾ ನೋಡಬಲ್ಲವನು ಅವನು. ಅವನು ಮತ್ತೊಂದು ಬರೆಯಬಹುದು. ನನಗೆ ಮತ್ತೊಬ್ಬಳು ತಂಗಿ ಎಲ್ಲಿಂದ?

"ಜಾಲರಿ ಎಲ್ಲ ತೊಳೆದಾಯ್ತು," ಎಂದ. "ಆದರೆ ನಂಬರು ಹಾಕುವ ಮುಂಚೆ ಪರೀಕ್ಷೆಗೆಂದು ಒಂದೆರಡು ತೆಗೆದು ನಮ್ಮ ಹತ್ತಿರ ಇಟ್ಟುಕೊಂಡಿರ್ತೇವೆ. ಹಕ್ಕಿಯದ್ದು ಒಂದು ನನ್ನಲ್ಲಿದೆ. ತಗೊಳ್ಳಿ. ನಂಬರೂ ಬರೆದು ಕೊಡ್ತೇನೆ."

"ಬೇಡ," ಎಂದೆ. "ಅವಳು ನಿಂತು ನೋಡಿದ್ದು ಅದಲ್ಲ."

ಅವನು ಚಹಾದ ಗ್ಲಾಸನ್ನು ಗಾಡಿಯ ಮೇಲಿಟ್ಟ. "ಗೋಗಲ್‌ಗಾಯ್ ಕುಠೆ ಆಹೆ?" ಎಂದು ಕೇಳಿದ. ಬಸವನಹುಳು ಎಲ್ಲಿ?

"ನನ್ನ ಹತ್ತಿರ."

"ಮಾರ್ಜಿನ್ ಹೈ?"

"ಇದೆ. ಎಲ್ಲ ಇದೆ."

"ಅದನ್ನು ನೋಡಿಕೊಳ್ಳಿ ದಾದಾ. ಅದರ ಜಾಲರಿಯನ್ನು ತೊಳೆದದ್ದು ಅವಳೇ. ಪೈಪು ನನ್ನ ಕೈಯಿಂದ ಕಿತ್ತುಕೊಂಡಳು. ಹಸಿರು ನೀರು ಚಪ್ಪಲಿಯ ಮೇಲೆಲ್ಲ. ಈಗ ಇದು ಅಣ್ಣನಿಗೆ ಮಾತ್ರ ಅಂತ ಕೂಗಿದಳು."

ಆ ಹಸಿರು ಕಲೆಯ ಚಪ್ಪಲಿ ನಮ್ಮ ಬಾಗಿಲ ಹಿಂದೆ ಇನ್ನೂ ಇತ್ತು. ಮಳೆಯ ಪಾಚಿ ಎಂದುಕೊಂಡಿದ್ದೆ.

ಮರುದಿನವೇ ಗೋದಾಮಿನಿಂದ ಚಿತ್ರವನ್ನು ಮನೆಗೆ ತಂದೆ. ರಟ್ಟಿನ ನಡುವೆ ಇಟ್ಟು, ಎದೆಗೆ ಅವಚಿಕೊಂಡು, ಬಸ್ಸಿನಲ್ಲಿ ಕೂರದೆ ನಿಂತುಕೊಂಡೇ ಬಂದೆ.

ಕೆಲವು ವಾರಗಳ ನಂತರ, ಒಂದು ರಜೆಯ ಬೆಳಿಗ್ಗೆ ದೊಡ್ಡಣ್ಣ ಬಂದ. ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಇನ್ನೊಂದು ಕೈಯಲ್ಲಿ ಖಾಲಿ ಚೌಕಟ್ಟು, ಅದೇ ಹಳದಿಯದ್ದು. ಅದನ್ನು ಗೋಡೆಗೆ ಒರಗಿಸಿಟ್ಟು, ಅಮ್ಮನ ಪಕ್ಕ ಕುಳಿತ.

"ಈ ಕಡೆ ನಾಲ್ಕು, ಆ ಕಡೆ ಮೂರು," ಎಂದ. "ಒಂದು ಮೊಳೆ ಖಾಲಿ ಉಂಟು. ನೋಡಿದವರೆಲ್ಲ ಕೇಳ್ತಾರೆ. ವಾರ್ಷಿಕೋತ್ಸವ ಬಂತು, ಊರಿಂದ ದೊಡ್ಡವರು ಬರ್ತಾರೆ. ನಿನ್ನ ಹತ್ತಿರ ಒಂದು ಉಂಟಂತಲ್ಲ, ಅಮ್ಮ ಹೇಳಿದ್ರು."

"ಉಂಟು."

"ಕೊಡು. ಸಂಜೆಗೆ ಕೂರಿಸಿ ಹಾಕಿಸ್ತೇನೆ."

"ಕೊಡುದಿಲ್ಲ."

ಅವನು ನಕ್ಕ. ನಾನು ಅವನಿಗೆ ಯಾವತ್ತೂ ಇಲ್ಲ ಎಂದವನಲ್ಲ. ಅವನ ಹಳೆಯ ಅಂಗಿ ಹಾಕಿಕೊಂಡೇ ಬೆಳೆದವನು.

"ತಮಾಷೆ ಬೇಡ ಮಾರಾಯ."

"ತಮಾಷೆ ಅಲ್ಲ. ನೀನು ಏಳು ಹಾಳು ಮಾಡಿದ್ದೀಯ. ಎಂಟನೆಯದು ಸಿಗುದಿಲ್ಲ."

"ಹಾಳು? ಯಾರು ಹಾಳು ಮಾಡಿದ್ದು? ಸಾವಿರ ಜನ ಊಟ ಮಾಡುವ ಜಾಗದಲ್ಲಿ ಅವಳ ಹೆಸರು ಹಾಕಿಸಿದ್ದು ಹಾಳಾ? ನೀನು ಎಂತ ಮಾಡಿದ್ದಿ ಅವಳಿಗೆ? ರಟ್ಟು ತಂದು ಕೊಟ್ಟದ್ದು!"

 ಅವನು ನನ್ನನ್ನು ನೋಡಿದ. ಅವನ ಮುಖ ಮೆಲ್ಲನೆ ಮೃದುವಾಯಿತು. ಏನೋ ಅರ್ಥವಾದವನ ಹಾಗೆ ಮುಂದಕ್ಕೆ ಬಾಗಿದ.

"ಓ, ಹಾಗಾ? ನಿನ್ನ ಹೆಸರು ಹಾಕಿಸ್ಲಿಲ್ಲ ಅಂತನಾ? ಮೊದ್ಲೇ ಹೇಳ್ಬಾರದಾ ಮಾರಾಯ! ಇದರಲ್ಲಿ ನಿನ್ನ ಹೆಸರೇ ಹಾಕಿಸುವ. ಬೇಕಾದ್ರೆ ಎಲ್ಲದರಲ್ಲೂ ಸೇರಿಸ್ತೇನೆ. ನನ್ನದರ ಕೆಳಗೆ."

 ಹೊಡೆದುಬಿಡುತ್ತೇನೆ ಎಂದು ಹೆದರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನನ್ನ ಹೆಸರು ಬೇಡ. ನಿನ್ನದೂ ಬೇಡ. ಅವಳದ್ದೂ ಬೇಡ," ಎಂದೆ. "ಆ ಚಿತ್ರ ಬರೆದವನು ಕೂಡ ತನ್ನ ಹೆಸರು ಹಾಕಿರಲಿಲ್ಲ. ಕೊಡೆ ಹಾಕಿದ್ದ. ಬೆರಳುಗುರಿನಷ್ಟು ಕೊಡೆ. ನಿನಗೆ ಅಷ್ಟೂ ಜಾಗ ಬಿಡ್ಲಿಕ್ಕೆ ಆಗ್ಲಿಲ್ಲ."

"ಅಮ್ಮ, ಕೇಳಿದ್ರಾ ಇವನು ಮಾತಾಡುದು?"

ಅಮ್ಮ ಇಡ್ಲಿಯ ಕಟ್ಟನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಕೊಡು ಮಗ," ಎಂದಳು ನನಗೆ. "ಜಗಳ ಬೇಡ. ಅಲ್ಲಿ ನಾಲ್ಕು ಜನ ಅವಳ ಹೆಸರು ಓದ್ತಾರೆ. ಇಲ್ಲಿ ಯಾರು ನೋಡುದು?"

 ಒಳಗೆ ಹೋಗಿ ರಟ್ಟು ತಂದು, ಅಮ್ಮನ ಮುಂದೆ ಚಾಪೆಯ ಮೇಲಿಟ್ಟು ಬಿಚ್ಚಿದೆ. ದೊಡ್ಡಣ್ಣ ಗೆದ್ದೆ ಎಂದುಕೊಂಡಿರಬೇಕು, ಚೌಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಹಸಿರು ಬಸವನಹುಳು, ಅದರ ಬೆನ್ನಿಗೆ ಟ್ರಕ್ಕು, ಸುತ್ತಲೂ ನಾಲ್ಕು ಬೆರಳು ಅಗಲದ ಬಿಳಿ ಕಾಗದ. ಕೆಳಗೆ ಪೆನ್ಸಿಲು.

"ಇದು ಎಂತ?" ಎಂದು ಅಮ್ಮ ನಂಬರಿನ ಕಡೆಗೆ ಬೆರಳು ಚಾಚಿದಳು.

"ನಲವತ್ತು. ನಲವತ್ತರಲ್ಲಿ ಕೊನೆಯದು. ಈ ನಂಬರು ಬರೆಯುವಾಗ ಅವಳು ಅಲ್ಲಿ ನಿಂತಿದ್ದಳು ಅಮ್ಮ. ಇದು ಬರೆದಾದ ಮೇಲೆ ಅವಳೇ ಪೈಪು ಹಿಡಿದು ತೊಳೆದದ್ದು. ಬಾಗಿಲ ಹಿಂದಿನ ಚಪ್ಪಲಿ ನೋಡು, ಅದೇ ಹಸಿರು. ಕಾಗೆಯದ್ದರಲ್ಲಿ ಇದನ್ನೇ ಅತ್ತಿಗೆ ರಬ್ಬರಿನಿಂದ ಉಜ್ಜಿದ್ದು."

ಅಮ್ಮನ ಬೆರಳು ಕಾಗದವನ್ನು ಮುಟ್ಟುವ ಮೊದಲೇ ನಿಂತಿತು. ಮಗಳ ಕೂಗು ನೆನಪಾಗಿರಬೇಕು. ಕೈಯನ್ನು ಹಿಂದಕ್ಕೆ ತೆಗೆದು, ಸೆರಗಿಗೆ ಎರಡೂ ಅಂಗೈಗಳನ್ನು ಒರೆಸಿಕೊಂಡಳು. ಆಮೇಲೆ ಎರಡೂ ಕಡೆಯ ಬಿಳಿ ಅಂಚನ್ನು ಅಂಗೈಗಳಿಂದ ಹಿಡಿದು, ಬಿಸಿ ತಟ್ಟೆಯನ್ನು ಎತ್ತಿದ ಹಾಗೆ ಎತ್ತಿ, ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಬಹಳ ಹೊತ್ತು ನೋಡಿದಳು.

"ಇಲ್ಲಿ ಕತ್ತರಿಸಿದ್ದಾ ನೀನು?" ಎಂದು ದೊಡ್ಡಣ್ಣನನ್ನು ಕೇಳಿದಳು.

"ನಾನಲ್ಲ, ಫ್ರೇಮಿನವ..."

"ಫ್ರೇಮು ತಕ್ಕೊಂಡು ಹೋಗು ಮಗ."

ಅವನು ಎದ್ದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ನಾಳೆ ನಾನು ಸತ್ತರೂ ನಿಮಗೆ ಹೆಸರು ಹಾಕಿಸುವ ಬುದ್ಧಿ ಇಲ್ಲ," ಎಂದ. ಮೆಟ್ಟಿಲಿಳಿಯುವಾಗ ಚೌಕಟ್ಟು ಗೋಡೆಗೆ ಅಲ್ಲಲ್ಲಿ ಬಡಿಯುತ್ತಾ ಹೋದದ್ದು ಕೇಳಿಸಿತು. ಆಮೇಲೆ ನಮ್ಮಿಬ್ಬರ ನಡುವೆ ಮಾತು ಹೆಚ್ಚಿಲ್ಲ. ಹಬ್ಬಕ್ಕೆ ಅಮ್ಮನನ್ನು ನೋಡಲು ಬರುತ್ತಾನೆ. ಇಡ್ಲಿ ತರುತ್ತಾನೆ. ನಾನು ಹೊರಗೆ ಹೋಗುತ್ತೇನೆ.

ಬಸವನಹುಳುವಿಗೆ ಠಾಣೆಯಲ್ಲಿ ಸರಳವಾದ ಮರದ ಚೌಕಟ್ಟು ಮಾಡಿಸಿದೆ. ಅಂಚು ಪೂರ್ತಿ ಕಾಣಬೇಕು, ಗೋಂದು ತಾಗಬಾರದು ಎಂದು ಕೆಲಸ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ. ಬಿಸಿಲು ಬೀಳದ ಗೋಡೆಗೆ ತೂಗುಹಾಕಿದ್ದೇನೆ. ಹಾರ ಹಾಕಿಲ್ಲ. ಮನೆಗೆ ಬಂದವರು, ಇದೆಂಥ ಬಸವನಹುಳು ಎಂದು ಕೇಳಿದರೆ, ನನ್ನ ಫೋಟೋ ಎನ್ನುತ್ತೇನೆ.

ಸಭಾಗೃಹಕ್ಕೆ ಒಮ್ಮೆ ಮಾತ್ರ ಹೋಗಬೇಕಾಗಿ ಬಂತು, ಹತ್ತಿರದವರ ಮದುವೆಗೆ. ಏಳು ಚಿತ್ರಗಳೂ ಅಲ್ಲೇ ಇವೆ. ಕಿತ್ತುಕೊಂಡು ಬರುವುದಕ್ಕೆ ಅವುಗಳಲ್ಲಿ ಅವಳದ್ದೇನೂ ಉಳಿದಿಲ್ಲ. ಗೋಂದಿನ ಗುಳ್ಳೆಗಳು ದೊಡ್ಡದಾಗಿವೆ. ಎಂಟನೆಯ ಮೊಳೆಗೆ ಒಂದು ಗಡಿಯಾರ ತೂಗುಹಾಕಿದ್ದಾರೆ. ಅದರ ಮುಖದ ಮೇಲೆ ಯಾರದೋ ಅಜ್ಜಿಯ ಹೆಸರು. ಅದರ ಕೆಳಗೆ, ಇನ್ನೂ ದೊಡ್ಡ ಅಕ್ಷರದಲ್ಲಿ, ಕೊಟ್ಟವರದ್ದು. ಬಡಿಸುವವನು ಎಲೆ ಹಾಕಲು ಬಂದಾಗ ಬೇಡವೆಂದು ಎದ್ದು ಬಂದೆ.